ಶರಾವತಿ ಮುಳುಗಡೆ ಊರು ಹುಡುಕೋಕೆ ಯಾವ ನಕ್ಷೆ?

ಅಜ್ಜನ ಊರು ಲಿಂಗನಮಕ್ಕಿ ನೀರಿನಡಿ ಹೋಗಿದ್ದರೆ, ಅಣೆಕಟ್ಟು ಮುಗಿದ 1964ಕ್ಕಿಂತ ಮೊದಲೇ ಸರ್ವೆ ಆದ, ಇಂಚಿಗೊಂದು ಮೈಲಿಯ (ನಕ್ಷೆಯ ಒಂದು ಇಂಚು ಅಂದರೆ ನೆಲದ ಮೇಲೆ ಒಂದು ಮೈಲಿ) ಸರ್ವೆ ಆಫ್ ಇಂಡಿಯಾ ನಕ್ಷೆ ಹಾಳೆಯನ್ನೇ ಹುಡುಕಿ. ಸಿಗೋದು ಕಷ್ಟ, ಆದರೂ ಬಿಡಬೇಡಿ. ಕಣಿವೆಯ ಹಳ್ಳ, ಗುಡ್ಡದ ಬುಡದಲ್ಲಿ ಒಂದೊಂದೇ ಚದುರಿದ ಮನೆ, ದೇವಸ್ಥಾನ, ಹೊಳೆ ಕಡೆ ಇಳಿಯುವ ಕಾಲುದಾರಿ ಎಲ್ಲ ಅದರಲ್ಲಿರುತ್ತೆ. ದಾರಿಗಳನ್ನು ಬೆರಳಲ್ಲಿ ಹಿಡಿದು ಹೋದರೆ ಯಾವ ಊರಿಗೆ ಯಾವ ಊರು ಹತ್ತಿರ, ಜನ ಎತ್ತ ಓಡಾಡುತ್ತಿದ್ದರು ಅನ್ನೋದು ತಿಳಿಯುತ್ತದೆ.

ಈಗಿನ 1:50,000 (ನಕ್ಷೆಯ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್) ಹಾಳೆಯಲ್ಲಿ ಅದೇ ಜಾಗ ಬರೀ ನೀಲಿ. ಗುಡ್ಡದ ತಲೆಗಳು ದ್ವೀಪ. ಆದರೆ ಇವತ್ತು ಅಲ್ಲಿಗೆ ಹೋಗೋಕೆ ಇದೇ ಬೇಕು ಅಲ್ವಾ? ಎರಡನ್ನೂ ಹೋಲಿಸುವಾಗ ಹಳೆಯದರ ಎತ್ತರ ಅಡಿಯಲ್ಲಿ, ಹೊಸದರದ್ದು ಮೀಟರಿನಲ್ಲಿ, ನೋಡಿಕೊಳ್ಳಿ. ಜಮೀನಿನ ಸರ್ವೆ ನಂಬರ್ ಎರಡರಲ್ಲೂ ಇಲ್ಲ, ಅದಕ್ಕೆ ಗ್ರಾಮ ನಕ್ಷೆ ಬೇಕು.