ನಂಬರ್ ದ ಸ್ಟಾರ್ಸ್: ಮಗಳ ಜೊತೆ ಓದಿದ ಪುಸ್ತಕ

ಈ ಮಳೆಗಾಲದಲ್ಲಿ ರಾತ್ರಿ ಊಟ ಮುಗಿಸಿ ಹನ್ನೆರಡು ವರ್ಷದ ಮಗಳ ಜೊತೆ ಲೋಯಿಸ್ ಲೌರಿ ಅವರ ‘ನಂಬರ್ ದ ಸ್ಟಾರ್ಸ್’ ಓದಿದೆ. ಒಂದು ಪುಟ ಅವಳು, ಒಂದು ಪುಟ ನಾನು. ಇಂಗ್ಲಿಷ್ ಪುಸ್ತಕ, ಆದರೆ ಭಾಷೆ ತುಂಬಾ ಸರಳ, ಡಿಕ್ಷನರಿ ತೆಗೆದಿದ್ದು ನಾಲ್ಕೋ ಐದೋ ಸಲ ಅಷ್ಟೇ. 1989ರಲ್ಲಿ ಬಂದ ಕಾದಂಬರಿ ಇದು. ಮರು ವರ್ಷ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಸಿಕ್ಕಿತು. ಸುಮಾರು 140 ಪುಟ.

ಕಥೆ ನಡೆಯುವುದು ಎರಡನೇ ಮಹಾಯುದ್ಧದ ಹೊತ್ತಿಗೆ, 1943ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಜರ್ಮನ್ ಸೈನ್ಯ ಊರಿಗೆ ಬಂದು ಕೂತು ಆಗಲೇ ಮೂರು ವರ್ಷ ದಾಟಿದೆ. ಆನ್‌ಮರೀ, ಎಲೆನ್ ಇಬ್ಬರೂ ಗೆಳತಿಯರು, ಒಂದೇ ಕಟ್ಟಡದಲ್ಲಿ ಮನೆ. ಎಲೆನ್ ಯಹೂದಿ ಹುಡುಗಿ. ಯಹೂದಿಗಳನ್ನೆಲ್ಲ ಹಿಡಿದು ಸಾಗಿಸುತ್ತಾರಂತೆ ಅನ್ನುವ ಸುದ್ದಿ ಬಂದ ದಿನ ಎಲೆನ್ ಆನ್‌ಮರೀ ಮನೆಗೆ ಬಂದು ಉಳಿಯುತ್ತಾಳೆ.

ನನಗೆ ತುಂಬಾ ಹಿಡಿಸಿದ್ದು ಯುದ್ಧವನ್ನು ತೋರಿಸಿರುವ ರೀತಿ. ಮನೆಯಲ್ಲಿ ಬೆಣ್ಣೆ ಇಲ್ಲ, ಸಕ್ಕರೆ ಇಲ್ಲ. ಚರ್ಮ ಸಿಗದೆ ಆನ್‌ಮರೀಯ ಪುಟ್ಟ ತಂಗಿಗೆ ಮೀನಿನ ಚರ್ಮದ ಶೂ ತಂದಿದ್ದಾರೆ. ಅದರ ಹಸಿರು ಬಣ್ಣ ನೋಡಿ ಅವಳು ಹಾಕಿಕೊಳ್ಳಲ್ಲ ಅಂತ ಹಟ ಹಿಡಿದಾಗ, ನಮ್ಮಪ್ಪನ ಹತ್ತಿರ ಇಂಕು ಇದೆ, ಕಪ್ಪು ಮಾಡಿಸೋಣ ಅನ್ನುತ್ತಾಳೆ ಎಲೆನ್. ಇಲ್ಲಿ ನನ್ನ ಮಗಳು ನಕ್ಕಳು. ಆಮೇಲೆ ತನ್ನ ಶಾಲೆ ಶೂ ಕಡೆ ಒಮ್ಮೆ ನೋಡಿದಳು.

ಎಲೆನ್ ಬಂದು ಉಳಿದ ರಾತ್ರಿ ಸೈನಿಕರು ಬಾಗಿಲು ಬಡಿಯುತ್ತಾರೆ. ಎಲೆನ್ ಕುತ್ತಿಗೆಯಲ್ಲಿ ಯಹೂದಿಗಳ ಗುರುತಾದ ದಾವೀದನ ನಕ್ಷತ್ರದ ಪದಕ ಇದೆ. ಬಿಚ್ಚೋಕೆ ಹೋದರೆ ಕೊಂಡಿ ಬರುತ್ತಿಲ್ಲ. ಬೂಟಿನ ಸದ್ದು ಕೋಣೆಯ ಹತ್ತಿರ ಬರುತ್ತಿದೆ. ಆನ್‌ಮರೀ ಸರವನ್ನೇ ಕಿತ್ತು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುತ್ತಾಳೆ. ಸೈನಿಕರು ಹೋದ ಮೇಲೆ ಕೈ ಬಿಚ್ಚಿದರೆ ಅಂಗೈಯಲ್ಲಿ ನಕ್ಷತ್ರದ ಅಚ್ಚು ಮೂಡಿದೆ! ಮಗಳು ಓದುವುದನ್ನು ನಿಲ್ಲಿಸಿ ತನ್ನ ಅಂಗೈಗೆ ಬಳೆ ಒತ್ತಿ ನೋಡಿಕೊಂಡಳು. ಎಷ್ಟು ಬಿಗಿಯಾಗಿ ಹಿಡಿದರೆ ಹಾಗೆ ಅಚ್ಚು ಬೀಳುತ್ತೆ ಅಂತ.

ಮುಂದಿನ ಕಥೆ ಹೇಳಲ್ಲ. ಆದರೆ ಒಂದು ಕರವಸ್ತ್ರದ ಮಾತು ಹೇಳಲೇಬೇಕು. ಯಹೂದಿಗಳನ್ನು ಮೀನುಗಾರರು ದೋಣಿಯಲ್ಲಿ ಬಚ್ಚಿಟ್ಟು ಸ್ವೀಡನ್‌ಗೆ ದಾಟಿಸುತ್ತಾರೆ, ಜರ್ಮನ್ನರು ನಾಯಿ ತಂದು ಮೂಸಿಸುತ್ತಾರೆ. ಅದಕ್ಕೆ ಒಣಗಿದ ಮೊಲದ ರಕ್ತ ಮತ್ತು ಕೊಕೇನ್ ಹಚ್ಚಿದ ಕರವಸ್ತ್ರ. ರಕ್ತದ ವಾಸನೆಗೆ ನಾಯಿ ಬಂದು ಮೂಸುತ್ತದೆ, ಕೊಕೇನ್‌ನಿಂದ ಸ್ವಲ್ಪ ಹೊತ್ತು ಮೂಗೇ ಸತ್ತುಹೋಗುತ್ತದೆ. ಇದು ಸುಮ್ನೆ ಕಟ್ಟಿದ್ದು ಅಂದುಕೊಂಡಿದ್ದೆ. ಕೊನೆಯಲ್ಲಿ ಯಾವುದು ನಿಜ, ಯಾವುದು ಕಲ್ಪನೆ ಅಂತ ಲೇಖಕಿಯೇ ಬಿಡಿಸಿ ಬರೆದಿದ್ದಾರೆ, ಅದರಲ್ಲಿ ಈ ಕರವಸ್ತ್ರ ನಿಜದ ಪಾಲಿಗೆ ಸೇರಿದ್ದು. ಆ ವರ್ಷ 7,000ಕ್ಕೂ ಹೆಚ್ಚು ಜನ ಹೀಗೆ ಸಮುದ್ರ ದಾಟಿ ಉಳಿದುಕೊಂಡರು. ಮಕ್ಕಳಿಗೆ ಇತಿಹಾಸದ ಕಥೆ ಬರೆಯುವವರೆಲ್ಲ ಕೊನೆಗೆ ಇಂಥ ನಾಲ್ಕು ಪುಟ ಬರೆಯಬೇಕು. ಇಲ್ಲದಿದ್ದರೆ ಓದಿದ್ದೆಲ್ಲ ನಡೆದದ್ದೇ ಅಂತ ಮಕ್ಕಳು ನಂಬಿಬಿಡುತ್ತಾರೆ, ಅಲ್ವಾ?

ನನಗೆ ಸರಿ ಬರದಿದ್ದು ಒಂದು ವಿಷಯ. ಅರ್ಧ ಕಥೆ ದಾಟಿದ ಮೇಲೆ ಎಲೆನ್ ಹೆಚ್ಚು ಕಡಿಮೆ ಕಾಣೆಯಾಗುತ್ತಾಳೆ. ಧೈರ್ಯವೆಲ್ಲ ಆನ್‌ಮರೀಯದು. ಊರು ಬಿಟ್ಟು, ಮನೆ ಬಿಟ್ಟು ಕತ್ತಲಲ್ಲಿ ದೋಣಿ ಹತ್ತಿದವಳು ಎಲೆನ್ ಅಲ್ಲವಾ? ಅವಳ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು ಅಂತ ನಮಗೆ ಗೊತ್ತಾಗುವುದೇ ಇಲ್ಲ. ‘ಎಲೆನ್ ಬರೆದ ಪುಸ್ತಕ ಇಲ್ವಾ ಅಮ್ಮಾ?’ ಅಂತ ಮಗಳೂ ಕೇಳಿದಳು.

ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ಕಣ್ಣು ಮುಚ್ಚಿ ಕೊಡಬಹುದು. ಹದಿನಾರಕ್ಕೆ ಬಂದವರಿಗೆ ಬೇಗ ಮುಗಿದುಹೋಯಿತು ಅನ್ನಿಸಬಹುದು. ರಕ್ತಪಾತ ತೋರಿಸಿಲ್ಲ, ಆದರೆ ಕೊನೆಯ ಅಧ್ಯಾಯದಲ್ಲಿ ಎರಡು ಸಾವಿನ ಸುದ್ದಿ ಬರುತ್ತದೆ. ಮನಸ್ಸು ಮೆತ್ತಗಿರುವ ಮಕ್ಕಳಾದರೆ ಅದನ್ನು ಓದುವಾಗ ಪಕ್ಕದಲ್ಲಿ ಕೂತಿರಿ. ನನ್ನ ಮಗಳು ಅಲ್ಲಿ ಪುಸ್ತಕ ಮುಚ್ಚಿ ನನ್ನ ಮಡಿಲಲ್ಲಿ ಮಲಗಿಬಿಟ್ಟಳು. ಉಳಿದ ಎರಡು ಪುಟ ಓದಿದ್ದು ಮಾರನೇ ದಿನ.