ಸಿಡಿಲು ತಪ್ಪಿಸೋದಾ, ಚೊಕೊಬೊ ಓಡಿಸೋದಾ?

ಫೈನಲ್ ಫ್ಯಾಂಟಸಿ 10 ಅನ್ನೋ ವಿಡಿಯೋ ಗೇಮ್‌ನಲ್ಲಿ ಎರಡು ಕಾಟದ ಸವಾಲುಗಳಿವೆ: ಸಿಡಿಲು ತಪ್ಪಿಸೋದು, ಚೊಕೊಬೊ ಅನ್ನೋ ಸವಾರಿ ಹಕ್ಕಿಯನ್ನು ಓಡಿಸೋದು. ಯಾವುದು ಮೇಲು? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸಿಡಿಲಿಗೆ. ಈ ಗೇಮ್ ಬಂದಿದ್ದು 2001ರಲ್ಲಿ. ನಾನು ಆಡಿದ್ದು ಅದರ ಎಚ್‌ಡಿ ರಿಮಾಸ್ಟರ್, ಅಂದರೆ ಚಿತ್ರ ಚೊಕ್ಕ ಮಾಡಿದ ಹೊಸ ಆವೃತ್ತಿ, ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಪಿಎಸ್4 ಗೇಮ್ ಕನ್ಸೋಲ್‌ನಲ್ಲಿ. ಕಥೆ ಮುಗಿಸೋದಕ್ಕೆ ಇವೆರಡೂ ಬೇಕಾಗಿಲ್ಲ. ಸವಾಲು ಗೆದ್ದರೆ ಸಿಗೋ ಟ್ರೋಫಿ ಎಲ್ಲಾ ಬೇಕು ಅಂತ ಹಠ ಹಿಡಿದವರಿಗೆ ಮಾತ್ರ ಈ ಕಾಟ.

ಆಟದೊಳಗಿನ ಥಂಡರ್ ಪ್ಲೇನ್ಸ್ ಅನ್ನೋ ಬಯಲಿನಲ್ಲಿ ಸತತವಾಗಿ 200 ಸಿಡಿಲು ತಪ್ಪಿಸಬೇಕು. ಪರದೆ ಬೆಳ್ಳಗಾದ ತಕ್ಷಣ ಕಂಟ್ರೋಲರ್‌ನ ಎಕ್ಸ್ ಬಟನ್ ಒತ್ತಬೇಕು, ಅಷ್ಟೇ. ಒಂದು ಬಡಿದರೂ ಮತ್ತೆ ಸೊನ್ನೆಯಿಂದ. ಬಯಲಿನ ದಕ್ಷಿಣದ ಕಡೆ ನೆಲದಲ್ಲಿ ಒಂದು ಗುಂಡಿ ಇದೆ, ಅದರ ಮೇಲೆ ಓಡಿದರೆ ಸಿಡಿಲು ಬಂದೇ ಬರುತ್ತದೆ. ಅಲ್ಲಿಗೆ ಅದೃಷ್ಟದ ಮಾತು ಮುಗಿಯಿತು, ಉಳಿದಿದ್ದು ಕೈ ಮತ್ತು ತಾಳ್ಮೆ.

ತಲೆನೋವು ಒಂದೇ, ಎಷ್ಟಾಯಿತು ಅಂತ ಆಟ ತೋರಿಸಲ್ಲ. ನಾವೇ ಎಣಿಸಬೇಕು. ಬಾಯಲ್ಲಿ ಎಣಿಸಿದರೆ ಕಣ್ಣು ತಪ್ಪುತ್ತದೆ, ಪರದೆ ನೋಡಿದರೆ ಲೆಕ್ಕ ತಪ್ಪುತ್ತದೆ. ಕೊನೆಗೆ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಒಂದು ಸಿಡಿಲಿಗೆ ಒಂದು ಹುಣಸೆ ಬೀಜ, ಇಪ್ಪತ್ತಕ್ಕೊಂದು ಗುಡ್ಡೆ. ಐದು ಗುಡ್ಡೆ ದಾಟಿ, ಕೈಗೂ ಲಯ ಹತ್ತಿ, ನಾನು ಉಸಿರು ಬಿಗಿ ಹಿಡಿದು ಕೂತಿರುವಾಗ ಅವಳು, "ಅಣ್ಣಾ, ಈಗಿನದಕ್ಕೆ ಬೀಜ ಹಾಕಿದ್ನಾ?" ಅಂದಳು. ನಾನು ಅವಳ ಕಡೆ ತಿರುಗಿದೆ, ಇಲ್ಲಿ ಬಡಿಯಿತು! ಆಮೇಲೆ ಮಾತಾಡಬಾರದು ಅಂತ ಒಪ್ಪಂದ ಮಾಡಿಕೊಂಡೆವು. ಅನುಮಾನ ಬಂದರೆ ಬೀಜ ಹಾಕೋದು ಬೇಡ, ನಾಲ್ಕು ಸಿಡಿಲು ಜಾಸ್ತಿ ತಪ್ಪಿಸಿದರೆ ಗಂಟೇನೂ ಹೋಗಲ್ಲ ಅಲ್ವಾ.

ಹೊಸ ಟಿವಿ ಇರುವವರು ಅದರ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿಕೊಳ್ಳಿ. ಇಲ್ಲದಿದ್ದರೆ ಬೆಳಕು ಕಾಣೋದೇ ತಡ.

ಇನ್ನು ಚೊಕೊಬೊ ರೇಸ್. ಬಲೂನ್ ಹಿಡಿದರೆ 3 ಸೆಕೆಂಡ್ ಕಮ್ಮಿ, ಬೇರೆ ಹಕ್ಕಿ ಬಂದು ಬಡಿದರೆ 3 ಸೆಕೆಂಡ್ ಜಾಸ್ತಿ, ಕೊನೆಗೆ ಓಟದ ಟೈಮು ಸೊನ್ನೆಗೆ ಬರಬೇಕು. ಕೈಚಳಕ ಬೇಡವೇ ಬೇಡ ಅಂತಲ್ಲ. ಆದರೆ ಚೊಕೊಬೊ ತನ್ನಷ್ಟಕ್ಕೆ ವಾಲುತ್ತದೆ, ಹಕ್ಕಿ ಎಲ್ಲಿಂದಲೋ ಬರುತ್ತದೆ. ಚೌಕಾಬಾರದಲ್ಲಿ ಬಾರ ಬೀಳಲಿ ಅಂತ ಕವಡೆ ಕುಲುಕಿದ ಹಾಗೆ ಆಡುತ್ತಾ ಕೂರಬೇಕು. ನನಗೆ ಗೆದ್ದಾಗಲೂ ಖುಷಿ ಆಗಲಿಲ್ಲ. ಹಿಂದಿನ ಸಲಕ್ಕಿಂತ ಏನು ಚೆನ್ನಾಗಿ ಆಡಿದೆ ಅಂದರೆ ಹೇಳೋಕೆ ಬರಲ್ಲ.

ಕೆಲಸ ಮುಗಿಸಿ ಮನೆಗೆ ಬಂದರೆ ನನಗೆ ಸಿಗೋದು ರಾತ್ರಿ ಒಂದು ಗಂಟೆ ಹೊತ್ತು. ಸೋತರೂ ಕೈ ಪಳಗಿತು ಅನ್ನೋ ಸಮಾಧಾನ ಸಿಡಿಲಿನಲ್ಲಿದೆ. ರೇಸ್‌ನಲ್ಲಿ ಅದಿಲ್ಲ. ಆದರೆ ಮಂಡ್ಯದ ನನ್ನ ಗೆಳೆಯನಿಗೆ ರೇಸೇ ಇಷ್ಟ. ಅವನ ಏರಿಯಾದಲ್ಲಿ ಯಾವಾಗ ಕರೆಂಟ್ ಹೋಗುತ್ತೋ ಗೊತ್ತಿಲ್ಲ, ರೇಸ್ ಒಂದು ನಿಮಿಷದೊಳಗೆ ಮುಗಿಯುತ್ತದೆ. ನಿಮ್ಮ ಮನೆಯಲ್ಲೂ ಯುಪಿಎಸ್ ಇಲ್ಲ ಅಂದ್ರೆ ಮೊದಲು ರೇಸ್ ಮುಗಿಸಿಕೊಳ್ಳಿ.