‘ಎಂಟು ಕೋಳಿಗಳ ಗೂಡು’: ಎಂಟು ತಿಂಗಳು ಬಳಸಿದ ಮೇಲೆ

ಡಬ್ಬದ ಮೇಲೆ ‘ಎಂಟು ಕೋಳಿಗಳಿಗೆ ಸಾಕು’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಬರೆದವರು ಕೋಳಿಯನ್ನು ಮೊಟ್ಟೆಯೊಳಗೆ ಇದ್ದಾಗ ಮಾತ್ರ ನೋಡಿರಬೇಕು.

ಇದು ಬಿಡಿ ಹಲಗೆಗಳಾಗಿ ಬರುವ, ನಾವೇ ಜೋಡಿಸಿಕೊಳ್ಳುವ ಮರದ ಗೂಡು. ಮೇಲೆ ಮಲಗುವ ಕೋಣೆ, ಪಕ್ಕದಲ್ಲಿ ಮೊಟ್ಟೆ ಇಡುವ ಪೆಟ್ಟಿಗೆ, ಕೆಳಗೆ ಜಾಲರಿ ಹೊಡೆದ ಓಡಾಟದ ಜಾಗ. ಐದು ಹೇಂಟೆ, ಎರಡು ಬಾತುಕೋಳಿ ಬಿಟ್ಟು ಶುರು ಮಾಡಿದೆ. ಈಗ ಇದರಲ್ಲಿ ಇರುವುದು ನಾಲ್ಕು ಹೇಂಟೆ ಮಾತ್ರ.

ಹೊಗಳಬೇಕಾದ್ದನ್ನು ಮೊದಲೇ ಹೊಗಳಿಬಿಡುತ್ತೇನೆ. ಜೋಡಿಸಲು ಎರಡು ಗಂಟೆ ಸಾಕಾಯಿತು. ತೂತಿಗೆ ತೂತು ಸರಿಯಾಗಿ ಕೂತಿತು, ಒಂದು ಸ್ಕ್ರೂ ಕೂಡ ಕಡಿಮೆ ಬಿದ್ದಿಲ್ಲ. ಹಿಕ್ಕೆ ಬೀಳುವ ತಗಡಿನ ಟ್ರೇ ಹೊರಗೆ ಎಳೆದು ತೊಳೆಯಬಹುದು. ಮೊಟ್ಟೆ ಪೆಟ್ಟಿಗೆಗೆ ಹೊರಗಿನಿಂದಲೇ ಮುಚ್ಚಳ ಇದೆ, ಬಗ್ಗಿ ಒಳಗೆ ನುಗ್ಗಬೇಕಿಲ್ಲ. ಸೊಂಟ ನೋವಿನವರಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಟೇಪ್ ಹಿಡಿದೆ. ಮಲಗುವ ಕೋಣೆ ಉದ್ದ 4 ಅಡಿ, ಅಗಲ ಎರಡೂವರೆ. ಅಂದರೆ 10 ಚದರಡಿ. ಸಾಧಾರಣ ಗಾತ್ರದ ಒಂದು ಹೇಂಟೆಗೆ ಒಳಗೆ 4 ಚದರಡಿ, ಹೊರಗೆ ಓಡಾಡಲು 8ರಿಂದ 10 ಚದರಡಿ ಬೇಕು ಅನ್ನುವುದು ಸಾಕುವವರ ಸಾಮಾನ್ಯ ಲೆಕ್ಕ. ಹಾಗೆ ನೋಡಿದರೆ ಇದು ಎರಡೂವರೆ ಕೋಳಿಯ ಗೂಡು! ನನ್ನವು ಹಗಲೆಲ್ಲಾ ಹಿತ್ತಲಲ್ಲಿ ಕೆದಕುತ್ತಾ ಇರುವುದರಿಂದ ನಾಲ್ಕು ಹೇಗೋ ನಡೆಯುತ್ತದೆ. ಆದರೆ ಒಮ್ಮೆ ಮೂರು ದಿನ ಮಳೆ ಬಿಡದೆ ಹಿಡಿದಾಗ ಒಳಗೇ ಕೂಡಿಹಾಕಬೇಕಾಯಿತು. ಮೂರನೇ ದಿನ ಚುಕ್ಕಿಯ ಬಾಲದ ಬುಡದಲ್ಲಿ ಗರಿಯೇ ಇರಲಿಲ್ಲ. ಮಿಕ್ಕವು ಕುಕ್ಕಿ ಕುಕ್ಕಿ ಬೋಳಿಸಿದ್ದವು. ಕಂಪನಿಗೆ ಬರೆದು ಕೇಳಿದೆ. ‘ಅದು ಗಿಡ್ಡ ತಳಿಗಳ ಲೆಕ್ಕ’ ಅಂತ ಉತ್ತರ ಬಂತು. ಡಬ್ಬದ ಮೇಲಿನ ಚಿತ್ರದಲ್ಲಿ ಇದ್ದದ್ದು ದಢೂತಿ ಕೆಂಪು ಕೋಳಿ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಕೂರುವ ಕೋಲಿನ ವಿಷಯಕ್ಕೆ. ಕತ್ತಲಾದ ಮೇಲೆ ಕೋಳಿ ಎಲ್ಲಕ್ಕಿಂತ ಎತ್ತರದ ಜಾಗ ಹುಡುಕುತ್ತದೆ. ಇದರಲ್ಲಿ ಕೋಲು ಮತ್ತು ಮೊಟ್ಟೆ ಪೆಟ್ಟಿಗೆಯ ಅಂಚು ಒಂದೇ ಮಟ್ಟದಲ್ಲಿವೆ. ಕೋಲೋ ಬೆರಳು ದಪ್ಪ. ಮೆತ್ತನೆ ಪೆಟ್ಟಿಗೆ ಪಕ್ಕದಲ್ಲೇ ಇರುವಾಗ ಅದರ ಮೇಲೆ ಯಾರು ಕೂರುತ್ತಾರೆ, ಅಲ್ವಾ? ಎಲ್ಲವೂ ಪೆಟ್ಟಿಗೆಯಲ್ಲೇ ಮಲಗಿದವು, ರಾತ್ರಿಯೆಲ್ಲಾ ಅಲ್ಲೇ ಹಿಕ್ಕೆ ಹಾಕಿದವು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಸಿರು ಬಿಳಿ ಮೆತ್ತಿದ, ಹೊಟ್ಟು ಅಂಟಿದ ಮೊಟ್ಟೆ. ಎರಡು ವಾರ ಉಗುರಲ್ಲಿ ಕೆರೆದೆ. ಆಮೇಲೆ ಎರಡಿಂಚು ಅಗಲದ ರೀಪು ತಂದು, ಮೂಲೆ ಉಜ್ಜಿ ದುಂಡಗೆ ಮಾಡಿ, ಒಂದಡಿ ಮೇಲಕ್ಕೆ ಹೊಡೆದೆ. ಅಗಲ ಇದ್ದರೆ ಪಾದ ಚಪ್ಪಟೆ ಇಟ್ಟು, ಹೊಟ್ಟೆಯ ಗರಿಯಿಂದ ಬೆರಳು ಮುಚ್ಚಿಕೊಂಡು ಕೂರುತ್ತವೆ. ಅವತ್ತು ರಾತ್ರಿಯೇ ಮಿಕ್ಕವೆಲ್ಲಾ ಮೇಲೇರಿದವು. ಚುಕ್ಕಿ ಮಾತ್ರ ಎರಡು ದಿನ ಹಠ ಮಾಡಿದಳು.

ಗಾಳಿಗೆ ಇರುವುದು ಅಂಗೈಯಗಲದ ಒಂದು ಕಿಟಕಿ. ಬೆಳಿಗ್ಗೆ ಬಾಗಿಲು ತೆಗೆದರೆ ಅಮೋನಿಯಾ ಘಾಟಿಗೆ ನನ್ನ ಕಣ್ಣೇ ಉರಿಯುತ್ತಿತ್ತು. ಸೂರಿನ ಕೆಳಗೆ ಎರಡೂ ಕಡೆ ಉದ್ದಕ್ಕೆ ಸೀಳು ಕೊಯ್ದು ಜಾಲರಿ ಹೊಡೆದೆ. ಗಾಳಿ ಅವುಗಳ ತಲೆಯ ಮೇಲಿಂದ ಹಾದು ಹೋಗಬೇಕು, ಮೈಗೆ ನೇರ ಬೀಸಬಾರದು.

ಐದನೇ ಹೇಂಟೆ ಹೋಗಿದ್ದು ಜಾಲರಿಯಿಂದ. ಇದರ ಜೊತೆ ಬರುವುದು ಆರು ಮೂಲೆಯ ಕಣ್ಣಿನ ತೆಳು ತಂತಿ. ಅದು ಕೋಳಿಯನ್ನು ಒಳಗೆ ಇಡುತ್ತದೆ, ಅಷ್ಟೇ. ಒಂದು ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ತಂತಿ ಹರಿದಿತ್ತು, ಹೊರಗೆ ಗರಿ ಚೆಲ್ಲಿತ್ತು. ತಿರುಗಿಸುವ ಮರದ ಚಿಲಕವೂ ಅಷ್ಟರಲ್ಲೇ ಇದೆ, ಬೆಕ್ಕು ಮೂತಿಯಲ್ಲಿ ತಳ್ಳಿದರೂ ತೆರೆದುಕೊಳ್ಳುತ್ತದೆ. ಈಗ ಸುತ್ತಲೂ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿದ್ದೇನೆ. ಬುಡದಲ್ಲಿ ಒಂದೂವರೆ ಅಡಿ ಹೊರಕ್ಕೆ ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿದ್ದೇನೆ. ಹೆಗ್ಗಣ ಗೋಡೆಯ ಬುಡದಲ್ಲೇ ತೋಡಲು ಬರುತ್ತದೆ, ಉಗುರು ಮೆಶ್‌ಗೆ ತಾಗುತ್ತದೆ, ವಾಪಸ್ ಹೋಗುತ್ತದೆ. ಚಿಲಕ ತೆಗೆದು ಸ್ಪ್ರಿಂಗ್ ಕೊಂಡಿ ಹಾಕಿದೆ.

ಹಲಗೆಗಳ ಸಂದು ಕೂಡ ಗಮನಿಸಿ. ಕೆಂಪು ಹೇನು ಹಗಲು ಆ ಸಂದುಗಳಲ್ಲಿ ಅಡಗಿದ್ದು, ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಬಿಳಿ ಬಟ್ಟೆಯಿಂದ ಕೋಲಿನ ಅಡಿ ಒಮ್ಮೆ ಒರೆಸಿದೆ. ಬಟ್ಟೆ ಮೇಲೆ ಕೆಂಪು ಗೆರೆ. ಕೋಲು ಬಿಚ್ಚಿ ಕುದಿಯುವ ನೀರು ಸುರಿದು ಬಿಸಿಲಿಗೆ ಹಾಕಿದೆ. ಈಗ ವಾರಕ್ಕೊಮ್ಮೆ ಒರೆಸಿ ನೋಡುವುದು ಅಭ್ಯಾಸ ಆಗಿದೆ.

ಬಾತುಕೋಳಿಗೂ ಆಗುತ್ತದೆ ಅಂತ ಡಬ್ಬದಲ್ಲಿತ್ತು. ಸುಳ್ಳು. ಗೇಣಗಲದ ಕಡಿದಾದ ಹಲಗೆ ಹತ್ತುವಾಗ ಎರಡೂ ಜಾರಿ ಬಿದ್ದವು, ಕೊನೆಗೆ ದಿನಾ ಸಂಜೆ ನಾನೇ ಎತ್ತಿ ಒಳಗೆ ಬಿಡಬೇಕಾಯಿತು. ಬಾತು ಕೋಲಿನ ಮೇಲೆ ಕೂರುವುದಿಲ್ಲ, ನೆಲದಲ್ಲೇ ಮಲಗುತ್ತದೆ. ಮೇಲೆ ಕೂತ ಹೇಂಟೆಗಳ ಹಿಕ್ಕೆ ಎಲ್ಲಿ ಬೀಳುತ್ತದೆ ಅಂತ ನಾನು ಹೇಳಬೇಕಾ? ಇನ್ನು ನೀರು. ಬಾತಿಗೆ ಮೂಗಿನ ತೂತು ಮುಳುಗುವಷ್ಟು ಆಳದ ನೀರು ಬೇಕು. ಒಂದು ಬಾಯಿ ತಿಂಡಿ, ಒಂದು ಮುಳುಗು, ಮತ್ತೆ ಕೊಕ್ಕು ಒದರುವುದು. ಒಂದೇ ರಾತ್ರಿಯಲ್ಲಿ ಹಾಸಿದ ಹೊಟ್ಟು ಪೂರ್ತಿ ಗಂಜಿ, ವಾರದಲ್ಲಿ ತಳದ ಹಲಗೆ ಉಬ್ಬಿತು. ಕೋಳಿಗೆ ಒಣ ಜಾಗ ಬೇಕು, ಬಾತು ಅದನ್ನು ಒಣಗಲು ಬಿಡುವುದಿಲ್ಲ. ಈಗ ಅವಕ್ಕೆ ನೆಲಮಟ್ಟದಲ್ಲೇ ಅಗಲ ಬಾಗಿಲಿನ ತಗ್ಗು ಗೂಡು ಕಟ್ಟಿದ್ದೇನೆ, ನೀರಿನ ತೊಟ್ಟಿ ಹೊರಗಿದೆ. ಬೆಳಗಾಗುವ ಮುಂಚೆಯೇ ಮೂಲೆಯ ಹೊಟ್ಟಿನಲ್ಲಿ ಮೊಟ್ಟೆ ಇಟ್ಟು ಮೇಲೆ ಹೊಟ್ಟು ಮುಚ್ಚಿರುತ್ತವೆ. ಕೈಹಾಕಿ ತಡಕಬೇಕು.

ಐದಕ್ಕೆ ಎರಡೂವರೆ ಸ್ಟಾರ್ ಕೊಡುತ್ತೇನೆ, ಒಂದು ಆ ಮುಚ್ಚಳಕ್ಕೇ. ಎರಡು ಮೂರು ಹೇಂಟೆ ಸಾಕುವವರು, ಮನೆಯಲ್ಲಿ ಗರಗಸ ಸುತ್ತಿಗೆ ಇರುವವರು ತಗೊಳ್ಳಬಹುದು. ಮೆಶ್ ಅದೇ ದಿನ ತಂದುಬಿಡಿ, ಕೋಳಿ ಬಿಡುವ ಮೊದಲೇ ಹೊಡೆಯಿರಿ. ಬಾತುಕೋಳಿ ಇದ್ದರೆ ಬೇಡ.